ಎರಡು ವರ್ಷದ ಕೋರ್ಸು, ಎಪ್ಪತ್ತು ವರ್ಷದ ಕಥೆ

ಭಾಗ 1/9: ದೊಡ್ಡಮ್ಮನ ಪ್ರಶ್ನೆ

ಫೋಟೋದಲ್ಲಿರೋದು ನನ್ನ ಕೇಸ್ ನೋಟ್‌ಬುಕ್‌ನ ರಟ್ಟು ಮಾತ್ರ. ಒಳಗಿನ ಒಂದು ಸಾಲನ್ನೂ ಇಲ್ಲಿ ಹಾಕಲ್ಲ. ಯಾಕೆ ಅಂತ ನಿಮಗೆ ಗೊತ್ತು.

ಹೋದ ತಿಂಗಳು ಅಕ್ಕನ ಮದುವೆ. ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದ ದೊಡ್ಡಮ್ಮ ಕೇಳಿದ್ರು, "ಎಂಎಸ್ಸಿ ಮುಗಿದು ಎಷ್ಟು ದಿನ ಆಯ್ತು? ಇನ್ನೂ ಓದ್ತಾನೇ ಇದೀಯಲ್ಲೇ. ಏನು, ಡಾಕ್ಟ್ರಾಗ್ತೀಯಾ?"

"ಡಾಕ್ಟ್ರಲ್ಲ ದೊಡ್ಡಮ್ಮ, ಕ್ಲಿನಿಕಲ್ ಸೈಕಾಲಜಿಸ್ಟ್."

"ಹಂಗಂದ್ರೆ?"

ಅಷ್ಟರಲ್ಲಿ ಪಾಯಸ ಬಂತು, ನಾನು ಬಚಾವಾದೆ.

ಅದೇ ವಾರ ಒಬ್ಬ ಜೂನಿಯರ್ ಮೆಸೇಜ್ ಮಾಡಿದ್ಲು: "ಅಕ್ಕಾ, ಎಂಫಿಲ್ ನಿಂತೇ ಹೋಗುತ್ತಂತೆ. ಇಷ್ಟು ವರ್ಷ ಓದಿದ್ದು ಏನಕ್ಕೆ ಹಾಗಾದ್ರೆ?" ಇದಕ್ಕೆ ಪಾಯಸ ಬರಲಿಲ್ಲ. ಅವಳಿಗೆ ಉತ್ತರ ಬರೆಯೋಕೆ ಕೂತೆ, ಬರೀತಾ ಬರೀತಾ ಇದು ಒಂಬತ್ತು ಪೋಸ್ಟ್ ಆಯ್ತು.

ಪ್ರಶ್ನೆ ಸಣ್ಣದು. ಸೈಕಾಲಜಿಯಲ್ಲಿ ಬಿಎ, ಎಂಎ, ಎಂಎಸ್ಸಿ ಎಲ್ಲಾ ಇದೆ. ಅದರ ಮೇಲೆ ಇನ್ನೂ ಎರಡು ವರ್ಷ ಆಸ್ಪತ್ರೆಯಲ್ಲಿ ಇರಬೇಕು ಅಂತ ಯಾರು, ಯಾವಾಗ, ಯಾಕೆ ತೀರ್ಮಾನ ಮಾಡಿದ್ರು? ಅದು ಯಾವುದೋ ಯುಜಿಸಿ ಸುತ್ತೋಲೆಯಿಂದ ಬಂದಿದ್ದಲ್ಲ. ನಮ್ಮ ಬೆಂಗಳೂರಲ್ಲೇ, 1955ರ ಜನವರಿಯಲ್ಲಿ ಶುರುವಾಗಿದ್ದು. ಅಲ್ಲಿಂದ ಇಲ್ಲಿವರೆಗೆ ಕೋರ್ಸಿನ ಹೆಸರು ಮತ್ತೆ ಮತ್ತೆ ಬದಲಾಗಿದೆ, ಒಳಗಿನ ಒಂದು ವಿಷಯ ಮಾತ್ರ ಬದಲಾಗಿಲ್ಲ. ಅದು ಏನು ಅನ್ನೋದೇ ಈ ಸರಣಿ.

ಸೇವ್ ಮಾಡ್ಕೊಳ್ಳಿ. ಎಂಟ್ರೆನ್ಸ್‌ಗೂ ಉಪಯೋಗಕ್ಕೆ ಬರುತ್ತೆ, ದೊಡ್ಡಮ್ಮಂದಿರಿಗೂ.

ಭಾಗ 2/9: ಒಂದೇ ರಾಜ್ಯ, ಎರಡು ಕಟ್ಟಡ

ಇವತ್ತಿನ ಫೋಟೋ ಮೈಸೂರಿನ ಮಹಾರಾಜಾ ಕಾಲೇಜಿನದು. ಹಳೇ ಕಂಬ, ಹಳದಿ ಗೋಡೆ, ಎದುರಿಗೆ ಎಲ್ಲರೂ ರೀಲ್ ಮಾಡೋ ಅದೇ ಮರ.

ನಮ್ಮ ದೇಶದಲ್ಲಿ ಸೈಕಾಲಜಿ ಒಂದು ಪ್ರತ್ಯೇಕ ವಿಷಯವಾಗಿ ನಿಂತಿದ್ದು ಮೊದಲು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ, 1916ರ ಹೊತ್ತಿಗೆ, ಎನ್.ಎನ್. ಸೇನ್‌ಗುಪ್ತ ಅವರ ಕೈಯಲ್ಲಿ. ಅಲ್ಲೇ 1922ರಲ್ಲಿ ಗಿರೀಂದ್ರಶೇಖರ ಬೋಸ್ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ್ರು. ಅದಾಗಿ ಎರಡೇ ವರ್ಷಕ್ಕೆ, 1924ರಲ್ಲಿ, ಮೈಸೂರಿನಲ್ಲೂ ಮನಶ್ಶಾಸ್ತ್ರ ವಿಭಾಗ ಶುರುವಾಯ್ತು. ಶುರು ಮಾಡಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ ಓದಿ ಬಂದವರು. ಹೌದು, ನಮ್ಮ ಪುಸ್ತಕದ 'ಜಿ ಫ್ಯಾಕ್ಟರ್' ಸ್ಪಿಯರ್‌ಮನ್ನೇ! 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿ, 'ಆಕಾಶವಾಣಿ' ಅನ್ನೋ ಹೆಸರನ್ನ ಬಳಕೆಗೆ ತಂದವರೂ ಇವರೇ. ಮನಶ್ಶಾಸ್ತ್ರದ ಮೇಷ್ಟ್ರು ಅಂತ ಕ್ವಿಜ್‌ನಲ್ಲಿ ಯಾರೂ ಹೇಳಲ್ಲ, ಅದೊಂದು ಬೇಜಾರು.

ಈಗ ಇನ್ನೊಂದು ಕಟ್ಟಡ ನೋಡಿ. ಬೆಂಗಳೂರಿನಲ್ಲಿ 19ನೇ ಶತಮಾನದ ಮಧ್ಯಭಾಗದಿಂದಲೇ ಒಂದು 'ಲುನಾಟಿಕ್ ಅಸೈಲಮ್' ಇತ್ತು. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ 'ಮೆಂಟಲ್ ಹಾಸ್ಪಿಟಲ್' ಅಂತ ಹೆಸರಿಟ್ಟಿತು. ಬರೀ ಬೋರ್ಡ್ ಬದಲಾವಣೆ ಅನ್ಕೋಬೇಡಿ. ಹುಚ್ಚರನ್ನ ಕೂಡಿಹಾಕೋ ಜಾಗ ಅನ್ನೋದರಿಂದ ರೋಗಿಗಳನ್ನ ಗುಣ ಮಾಡೋ ಜಾಗ ಅನ್ನೋ ಕಡೆಗೆ ಅದು ಒಂದು ಹೆಜ್ಜೆ. 1930ರ ದಶಕದಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ, ಆಸ್ಪತ್ರೆ ಈಗ ನಾವು ನಿಮ್ಹಾನ್ಸ್ ಅನ್ನೋ ಜಾಗಕ್ಕೆ ಬಂತು.

ಗಮನಿಸಿ. ಮೈಸೂರಿನಲ್ಲಿ ಮನಸ್ಸಿನ ಬಗ್ಗೆ ಓದೋ ವಿದ್ಯಾರ್ಥಿಗಳು. ಬೆಂಗಳೂರಿನಲ್ಲಿ ಮನಸ್ಸು ನೊಂದ ರೋಗಿಗಳು. ಮಧ್ಯೆ ಇದ್ದದ್ದು ಒಂದೇ ರೈಲು, ಸುಮಾರು 140 ಕಿಲೋಮೀಟರ್. ಆದ್ರೆ ಒಂದು ಕಟ್ಟಡದಲ್ಲಿ ಓದಿದವರು ಇನ್ನೊಂದು ಕಟ್ಟಡದಲ್ಲಿ ಕೆಲಸ ಕಲಿಯೋಕೆ ದಾರಿಯೇ ಇರಲಿಲ್ಲ. ನಮ್ಮ ಕಥೆ ಆ ದಾರಿಯದು.

ಭಾಗ 3/9: ಕನ್ನಡದಲ್ಲಿ ಕೇಳಿದ ಪ್ರಶ್ನೆಗಳು

ಫೋಟೋದಲ್ಲಿರೋ ಮರದ ಬ್ಲಾಕ್ಸ್ ಆಟದ ಸಾಮಾನಲ್ಲ. ಟೆಸ್ಟ್ ಕಿಟ್‌ದು. ಒಂದು ಕಳೆದುಹೋದ್ರೆ ಲ್ಯಾಬ್ ಅಟೆಂಡರ್ ಅಣ್ಣ ಇಡೀ ಬ್ಯಾಚನ್ನ ಸುಮ್ನೆ ಬಿಡಲ್ಲ.

ಆಸ್ಪತ್ರೆಗೆ ಹೋಗೋ ದಾರಿ ಇನ್ನೂ ಇಲ್ಲದ ಕಾಲದಲ್ಲಿ ಸೈಕಾಲಜಿ ಜನರ ಹತ್ತಿರ ಹೋಗಿದ್ದು ಶಾಲೆ ಮೂಲಕ, ಟೆಸ್ಟ್ ಮೂಲಕ. ಅದರಲ್ಲಿ ನಮಗೆ ತೀರಾ ಹತ್ತಿರದ ಹೆಸರು ವಿ.ವಿ. ಕಾಮತ್. ಫ್ರಾನ್ಸಿನ ಬಿನೆ ಮಾಡಿದ ಬುದ್ಧಿಶಕ್ತಿ ಪರೀಕ್ಷೆ ಅಮೆರಿಕಾಕ್ಕೆ ಹೋಗಿ ಸ್ಟ್ಯಾನ್‌ಫೋರ್ಡ್-ಬಿನೆ ಆಗಿತ್ತು. ಕಾಮತ್ ಅದನ್ನ 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿದ್ರು. ಆಗ ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲಾ ಮುಂಬೈ ಪ್ರಾಂತ್ಯದಲ್ಲಿದ್ದವು, ಅದಕ್ಕೇ ಆ ಟೆಸ್ಟಿಗೆ 'ಬಾಂಬೆ-ಕರ್ನಾಟಕ ಪರಿಷ್ಕರಣೆ' ಅಂತ ಹೆಸರು. ನಮ್ಮ ಬಾಯಲ್ಲಿ ಬಿನೆ-ಕಾಮತ್, ಬಿಕೆಟಿ. ಕಾಮತ್ ಅವರ ಪುಸ್ತಕ ಬಂದಿದ್ದು 1940ರಲ್ಲಿ.

ಒಂದು ಟೆಸ್ಟನ್ನ ಇನ್ನೊಂದು ಭಾಷೆಗೆ ತರೋದು ಅಂದ್ರೆ ಪದ ಬದಲಾಯಿಸೋದಲ್ಲ. ಅಲ್ಲಿಯ ಮಗುವಿಗೆ ಸುಲಭ ಅನ್ನಿಸೋ ಪ್ರಶ್ನೆ ಇಲ್ಲಿಯ ಮಗುವಿಗೆ ಗೊತ್ತೇ ಇಲ್ಲದ ವಸ್ತುವಿನ ಬಗ್ಗೆ ಇರಬಹುದು. ಯಾವ ವಯಸ್ಸಿಗೆ ಯಾವ ಪ್ರಶ್ನೆ ಅಂತ ಇಲ್ಲಿಯ ಮಕ್ಕಳ ಜೊತೆ ಕೂತೇ ಹೊಸದಾಗಿ ಕಂಡುಕೋಬೇಕು. ಆಮೇಲೆ ಉತ್ತರ ಪ್ರದೇಶದಲ್ಲಿ ಸಿ.ಎಂ. ಭಾಟಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಾಲೆಗೇ ಹೋಗದವರಿಗೂ ಆಗೋ ಹಾಗೆ ಬ್ಲಾಕ್ಸು, ಚಿತ್ರ, ನೆನಪಿನ ಐದು ಪರೀಕ್ಷೆಗಳ ಒಂದು ಬ್ಯಾಟರಿ ಮಾಡಿದ್ರು. ಅದು 1955ರದು.

ಇದರಲ್ಲಿ ಒಂದು ಮುಳ್ಳೂ ಇದೆ. ಬಿಕೆಟಿ ಇವತ್ತಿಗೂ ಬಳಕೆಯಲ್ಲಿದೆ. ಬೌದ್ಧಿಕ ಅಂಗವೈಕಲ್ಯದ ಸರ್ಟಿಫಿಕೇಟಿಗೆ ಬರೋ ಮಗುವಿನ ಮುಂದೆ ನಾವು ಬಿಚ್ಚೋ ಪೆಟ್ಟಿಗೆ ಎಷ್ಟೋ ಸಲ ಇದೇ. ಮೂರು ತಲೆಮಾರಿನ ಹಿಂದಿನ ಮಕ್ಕಳಿಗೆ ಹೊಂದಿಸಿದ ಅಳತೆ ಅದು. ಬರೀ ಅಂಕ ಕೂಡಿಸೋಕೆ ಬಂದ್ರೆ ಸಾಲದು, ಆ ಅಂಕವನ್ನ ಎಷ್ಟು ನಂಬಬೇಕು ಅಂತಾನೂ ಗೊತ್ತಿರಬೇಕು. ಅದು ಮ್ಯಾನ್ಯುಯಲ್‌ನಲ್ಲಿ ಬರೆದಿರಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡೋರು ಬೇಕು.

ಭಾಗ 4/9: ಯುದ್ಧ ಮುಗಿದ ಮೇಲೆ

ಇವತ್ತು ಬೆಂಗಳೂರು ಬಿಟ್ಟು ಸ್ವಲ್ಪ ಹೊರಗೆ ಹೋಗಿ ಬರೋಣ. ವಾಪಸ್ ಬರ್ತೀವಿ, ಗಾಬರಿ ಬೇಡ.

'ಕ್ಲಿನಿಕಲ್ ಸೈಕಾಲಜಿ' ಅನ್ನೋ ಹೆಸರನ್ನ ಚಾಲ್ತಿಗೆ ತಂದವರು ಅಮೆರಿಕಾದ ಲೈಟ್ನರ್ ವಿಟ್ಮರ್. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅವರು ಕ್ಲಿನಿಕ್ ತೆಗೆದಾಗ ಮೊದಲು ಬಂದವನು ಸ್ಪೆಲ್ಲಿಂಗ್ ಬಾರದ ಒಬ್ಬ ಶಾಲಾ ಹುಡುಗ. ಹುಚ್ಚೂ ಅಲ್ಲ, ದೆವ್ವವೂ ಅಲ್ಲ, ಸ್ಪೆಲ್ಲಿಂಗು! ನನಗೆ ಈ ವಿಷಯ ಬಹಳ ಇಷ್ಟ.

ಆದ್ರೆ ಇದೊಂದು ದೊಡ್ಡ ವೃತ್ತಿ ಆಗಿದ್ದು ಎರಡನೇ ಮಹಾಯುದ್ಧ ಆದ ಮೇಲೆ. ಸೈನಿಕರು ಮನೆಗೆ ಬಂದ್ರು, ಗಾಯ ವಾಸಿಯಾಯ್ತು, ನಿದ್ದೆ ಮಾತ್ರ ಬರಲಿಲ್ಲ. ಅಷ್ಟು ಜನರನ್ನ ನೋಡೋಕೆ ಸೈಕಿಯಾಟ್ರಿಸ್ಟ್‌ಗಳು ಸಾಲಲಿಲ್ಲ. ಮಾಜಿ ಸೈನಿಕರ ಆಸ್ಪತ್ರೆಗಳಿಗಾಗಿ ಅಮೆರಿಕಾ ಸರ್ಕಾರವೇ ದುಡ್ಡು ಹಾಕಿ ಸೈಕಾಲಜಿಸ್ಟ್‌ಗಳನ್ನ ತಯಾರು ಮಾಡೋಕೆ ನಿಂತಿತು. ಹೇಗೆ ತಯಾರು ಮಾಡಬೇಕು ಅಂತ ತೀರ್ಮಾನ ಮಾಡೋಕೆ 1949ರಲ್ಲಿ ಕೊಲೊರಾಡೋದ ಬೋಲ್ಡರ್ ಊರಲ್ಲಿ ಒಂದು ಸಮ್ಮೇಳನ ನಡೀತು. ಅಲ್ಲಿ ಒಪ್ಪಿದ್ದು ಇದು: ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಸಂಶೋಧನೆಯೂ ಬರಬೇಕು, ಚಿಕಿತ್ಸೆಯೂ ಬರಬೇಕು. ನಮ್ಮ ಎರಡು ವರ್ಷದಲ್ಲಿ ಡಿಸರ್ಟೇಶನ್ ಯಾಕೆ ಇದೆ ಅಂತ ಬೈಕೊಳ್ಳೋರಿಗೆ ಉತ್ತರ ಬೋಲ್ಡರ್‌ನಲ್ಲಿದೆ.

ಅದೇ ಹೊತ್ತಿಗೆ ಇಲ್ಲಿ ಏನಾಗ್ತಿತ್ತು? ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ, ಭೋರ್ ಸಮಿತಿ ದೇಶದ ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ನಮ್ಮ ಪಿಎಚ್‌ಸಿ ವ್ಯವಸ್ಥೆಯ ಬೇರು ಇರೋದು ಆ ವರದಿಯಲ್ಲೇ. ಮನೋರೋಗಕ್ಕೆ ಅದು ಕೊಟ್ಟ ಲೆಕ್ಕ ನೋಡಿ: ಇಡೀ ದೇಶಕ್ಕೆ ಸುಮಾರು 10,000 ಹಾಸಿಗೆ. ಹೆಚ್ಚುಕಮ್ಮಿ 40,000 ಜನಕ್ಕೆ ಒಂದು. ಹಾಸಿಗೆ ಹಾಕೋದು ಸುಲಭ, ಪಕ್ಕದಲ್ಲಿ ನಿಲ್ಲೋ ಜನ ಎಲ್ಲಿಂದ ಬರಬೇಕು? ಅವರನ್ನ ತರಬೇತು ಮಾಡೋಕೆ ಒಂದು ಸಂಸ್ಥೆ ಬೇಕು ಅಂತ ಸಮಿತಿ ಹೇಳಿತು.

ಎಲ್ಲಿ? ನಾಳೆ ಲಕ್ಕಸಂದ್ರಕ್ಕೆ ಹೋಗೋಣ.

ಭಾಗ 5/9: 1955ರ ಜನವರಿ

ಫೋಟೋ ಹೊಸೂರು ರಸ್ತೆಯದು, ಬೆಳಿಗ್ಗೆ ಎಂಟಕ್ಕೆ. ಬಸ್ಸಿಂದ ಇಳಿದು ಫೈಲ್ ಹಿಡ್ಕೊಂಡು ಗೇಟ್ ಕಡೆ ನಡೆಯೋ ಜನ. ಮುಖ ಯಾರದ್ದೂ ಕಾಣಬಾರದು ಅಂತ ಬೆನ್ನ ಹಿಂದೆ ನಿಂತು, ಬ್ಲರ್ ಮಾಡಿ ಹಾಕಿದೀನಿ.

ಬೆಂಗಳೂರಿನ ಮೆಂಟಲ್ ಹಾಸ್ಪಿಟಲ್‌ನಲ್ಲಿ ಆಗ ಎಂ.ವಿ. ಗೋವಿಂದಸ್ವಾಮಿ ಅನ್ನೋ ಸೈಕಿಯಾಟ್ರಿಸ್ಟ್ ಇದ್ರು. (ಮೈಸೂರಿನವರು ಗೋಪಾಲಸ್ವಾಮಿ, ಬೆಂಗಳೂರಿನವರು ಗೋವಿಂದಸ್ವಾಮಿ. ಎಂಟ್ರೆನ್ಸ್‌ನಲ್ಲಿ ಕನ್‌ಫ್ಯೂಸ್ ಆಗ್ಬೇಡಿ.) ಅಮೆರಿಕಾದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಡಾಲ್ಫ್ ಮೇಯರ್ ಹತ್ತಿರ, ಆಮೇಲೆ ಲಂಡನ್ನಿನ ಮಾಡ್ಸ್ಲಿಯಲ್ಲಿ ಕಲಿತು ಬಂದವರು. ಮೇಯರ್ ಅವರ ಪಾಠದ ಸಾರ ಏನಂದ್ರೆ, ರೋಗವನ್ನ ಮಾತ್ರ ನೋಡಬೇಡಿ, ಆ ಮನುಷ್ಯನ ಇಡೀ ಬದುಕನ್ನ ನೋಡಿ. ಹಾಗೆ ನೋಡಬೇಕು ಅಂದ್ರೆ ಒಬ್ಬ ಡಾಕ್ಟ್ರಿಂದ ಆಗೋ ಕೆಲಸ ಅಲ್ಲ.

ಕೇಂದ್ರ ಸರ್ಕಾರ ಮತ್ತು ಮೈಸೂರು ಸರ್ಕಾರ ಸೇರಿ 1954ರ ಕೊನೆಯಲ್ಲಿ ಇದೇ ಕಾಂಪೌಂಡ್‌ನಲ್ಲಿ 'ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್' ಶುರು ಮಾಡಿದ್ವು. ಗೋವಿಂದಸ್ವಾಮಿ ಮೊದಲ ನಿರ್ದೇಶಕರು. 1955ರ ಜನವರಿಯಲ್ಲಿ ಎರಡು ಕೋರ್ಸು ಒಟ್ಟಿಗೇ ಶುರುವಾದ್ವು. ಡಾಕ್ಟರುಗಳಿಗೆ ಡಿಪಿಎಂ, ಅಂದ್ರೆ ಡಿಪ್ಲೊಮಾ ಇನ್ ಸೈಕಲಾಜಿಕಲ್ ಮೆಡಿಸಿನ್. ಸೈಕಾಲಜಿ ಓದಿದವರಿಗೆ ಡಿಎಂಪಿ, ಡಿಪ್ಲೊಮಾ ಇನ್ ಮೆಡಿಕಲ್ ಸೈಕಾಲಜಿ, ಎರಡು ವರ್ಷ.

ಈ 'ಒಟ್ಟಿಗೇ' ಅನ್ನೋ ಪದದ ಕೆಳಗೆ ಗೆರೆ ಎಳ್ಕೊಳ್ಳಿ. ಅಮೆರಿಕಾದಲ್ಲಿ ಈ ತರಬೇತಿ ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗದಲ್ಲಿ ಬೆಳೆದು ಆಮೇಲೆ ಆಸ್ಪತ್ರೆಗೆ ಹೋಯ್ತು. ಇಲ್ಲಿ ಅದು ಹುಟ್ಟಿದ್ದೇ ಆಸ್ಪತ್ರೆಯ ಕಾಂಪೌಂಡ್ ಒಳಗೆ, ವಾರ್ಡಿನ ಪಕ್ಕ. ಮೈಸೂರಿನ ಕಟ್ಟಡ, ಬೆಂಗಳೂರಿನ ಕಟ್ಟಡ ಅಂದಿದ್ನಲ್ಲ, ಆ 140 ಕಿಲೋಮೀಟರ್ ಅವತ್ತು ಒಂದು ಕಾರಿಡಾರ್‌ನಷ್ಟು ಕಮ್ಮಿಯಾಯ್ತು.

ಕಾಲವೂ ಕೂಡಿಬಂತು. ಕ್ಲೋರ್‌ಪ್ರೊಮಝೀನ್ ಅನ್ನೋ ಮಾತ್ರೆ ಪ್ಯಾರಿಸ್‌ನಲ್ಲಿ ಮನೋರೋಗಕ್ಕೆ ಬಳಕೆಗೆ ಬಂದಿದ್ದು 1952ರಲ್ಲಿ. ಅಲ್ಲಿವರೆಗೆ ಮಾತಾಡೋ ಸ್ಥಿತಿಯಲ್ಲೇ ಇಲ್ಲದ ಎಷ್ಟೋ ರೋಗಿಗಳು ಎದುರು ಕೂತು ಮಾತಾಡೋ ಹಾಗಾದ್ರು. ಮಾತಾಡೋರು ಇದ್ದ ಮೇಲೆ ಕೇಳೋಕೆ ಕಲಿತವರೂ ಬೇಕಲ್ವಾ?

ಭಾಗ 6/9: 'ಟೆಸ್ಟ್ ಮಾಡೋರು'

ಒಂದು ಕಹಿ ಸತ್ಯದಿಂದ ಶುರು ಮಾಡ್ತೀನಿ. ಮೊದಮೊದಲು ಸೈಕಾಲಜಿಸ್ಟ್ ಅಂದ್ರೆ ಆಸ್ಪತ್ರೆಯಲ್ಲಿ ಮುಖ್ಯವಾಗಿ ಟೆಸ್ಟ್ ಮಾಡೋರು. ಡಾಕ್ಟ್ರು ಚೀಟಿ ಬರೆದು ಕಳಿಸ್ತಾರೆ, ಇವರು ರೋರ್‌ಶಾಕ್ ಕಾರ್ಡ್ ತೋರಿಸ್ತಾರೆ, ಐಕ್ಯೂ ನೋಡ್ತಾರೆ, ರಿಪೋರ್ಟ್ ವಾಪಸ್ ಕಳಿಸ್ತಾರೆ. ರಕ್ತ ಪರೀಕ್ಷೆ ಲ್ಯಾಬ್ ಇದ್ದ ಹಾಗೆ ಇದೊಂದು ಮನಸ್ಸಿನ ಲ್ಯಾಬ್. ಆಸ್ಪತ್ರೆಯೊಳಗೆ ಹುಟ್ಟಿದ ಕೋರ್ಸಿಗೆ ಅದೇ ಬಲ, ಅದೇ ಮಿತಿ. ರೋಗಿ ಸಿಕ್ಕರು, ಆದ್ರೆ ರೋಗಿಯ ಜೊತೆ ನಮ್ಮದೇ ಆದ ಕೆಲಸ ಸಿಗೋಕೆ ಇನ್ನೂ ಸಮಯ ಹಿಡೀತು.

ಅದು ಬಂದಿದ್ದು ಬಿಹೇವಿಯರ್ ಥೆರಪಿ ಮೂಲಕ. 1958ರಲ್ಲಿ ಜೋಸೆಫ್ ವೋಲ್ಪೆ ಅವರ ಪುಸ್ತಕ ಬಂತು. ಭಯವನ್ನ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬಹುದು ಅನ್ನೋ ವಿಧಾನ. ಇದಕ್ಕೆ ಮಾತ್ರೆ ಬೇಡ, ಕಲಿಕೆಯ ಸಿದ್ಧಾಂತ ಬೇಕು, ಅದು ಸೈಕಾಲಜಿಯವರ ಮನೆ ಆಸ್ತಿ. 1960-70ರ ದಶಕದಲ್ಲಿ ಇದು ನಮ್ಮಲ್ಲಿಯ ತರಬೇತಿಗೂ ಬಂತು. ಬೆಂಗಳೂರಿನಲ್ಲಿ ಎಚ್. ನಾರಾಯಣ ಮೂರ್ತಿ ಅಂಥವರು ಅದನ್ನ ಬೆಳೆಸಿದ್ರು. ಟೆಸ್ಟ್ ಮಾಡೋರು ಚಿಕಿತ್ಸೆ ಕೊಡೋರೂ ಆದ್ರು.

ಅದೇ ವಿಭಾಗಕ್ಕೆ ಮುಖ್ಯಸ್ಥರಾಗಿದ್ದ ಇನ್ನೊಬ್ಬರು ಎಸ್.ಕೆ. ರಾಮಚಂದ್ರ ರಾವ್. ಕನ್ನಡ ಓದೋರಿಗೆ ಅವರು ಸಂಸ್ಕೃತ ವಿದ್ವಾಂಸರಾಗಿ, ಆಗಮ, ಮೂರ್ತಿಶಿಲ್ಪದ ಬಗ್ಗೆ ಬರೆದವರಾಗಿ ಗೊತ್ತು. ಭಾರತದಲ್ಲಿ ಮನಸ್ಸಿನ ಬಗ್ಗೆ ಯಾರು ಏನು ಯೋಚಿಸಿದ್ರು ಅಂತಾನೂ ಬರೆದಿದ್ದಾರೆ. ವಾರ್ಡಿನ ರೌಂಡ್ಸೂ, ಓಲೆಗರಿಯೂ ಒಂದೇ ತಲೆಯಲ್ಲಿ!

ಈಗ ಪಟ್ಟಿ, ಸ್ಕ್ರೀನ್‌ಶಾಟ್ ತಗೊಳ್ಳಿ:

1962: ರಾಂಚಿಯಲ್ಲಿ ಎರಡನೇ ತರಬೇತಿ ಕೇಂದ್ರ.
1968: ಭಾರತೀಯ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಸಂಘ.
1974: ಇನ್‌ಸ್ಟಿಟ್ಯೂಟೂ ಹಳೇ ಮೆಂಟಲ್ ಹಾಸ್ಪಿಟಲ್ಲೂ ಸೇರಿ ನಿಮ್ಹಾನ್ಸ್. ಅದೇ ವರ್ಷ ಕ್ಲಿನಿಕಲ್ ಸೈಕಾಲಜಿಗೆ ಅಂತಲೇ ಭಾರತದ ಒಂದು ಜರ್ನಲ್.
1978: ಡಿಪ್ಲೊಮಾ ಹೋಗಿ ಎಂಫಿಲ್.

ಮಧ್ಯದಲ್ಲಿ ಕೋರ್ಸಿನ ಹೆಸರಿಗೆ 'ಸೋಷಿಯಲ್' ಸೇರಿ 'ಮೆಡಿಕಲ್ ಅಂಡ್ ಸೋಷಿಯಲ್ ಸೈಕಾಲಜಿ' ಆಗಿತ್ತು. ರೋಗಿಯ ಹಿಂದೆ ಮನೆ ಇದೆ, ಊರಿದೆ, ಸಾಲ ಇದೆ, ಜಾತಿ ಇದೆ ಅಂತ ಆ ಒಂದು ಪದ ನೆನಪಿಸ್ತಿತ್ತು. ಎಂಫಿಲ್ ಆದ ಮೇಲೂ ಅದು ಬಹಳ ವರ್ಷ ಉಳೀತು. ಈಗ ಹೆಸರಲ್ಲಿ ಆ ಪದ ಇಲ್ಲ, ಹಾಗಂತ ಊರು, ಸಾಲ, ಜಾತಿ ಎಲ್ಲಿಗೂ ಹೋಗಿಲ್ಲ.

ಭಾಗ 7/9: ಕೆಂಪು ಪೆನ್ನು

ಫೋಟೋ ಇಲ್ಲ ಇವತ್ತು, ಬರೀ ಕೆಂಪು ಬಣ್ಣ. ಓದಿದ್ರೆ ಗೊತ್ತಾಗುತ್ತೆ.

ಎರಡು ವರ್ಷ ಏನ್ ಮಾಡ್ತೀರ ಅಂತ ಕೇಳ್ತಾರೆ. ಮೊದಲ ವರ್ಷ ಮುಖ್ಯವಾಗಿ ರೋಗ ಗುರುತಿಸೋದು, ಪರೀಕ್ಷೆ ಮಾಡೋದು, ಪೂರ್ತಿ ಕೇಸ್ ರಿಪೋರ್ಟ್ ಬರೆಯೋದು. ಎರಡನೇ ವರ್ಷ ಥೆರಪಿಗೆ ಒತ್ತು, ಅದರ ದಾಖಲೆ, ಜೊತೆಗೆ ಡಿಸರ್ಟೇಶನ್. ಮಿದುಳಿನ ರಚನೆಯಿಂದ ಹಿಡಿದು ಸ್ಟ್ಯಾಟಿಸ್ಟಿಕ್ಸ್‌ವರೆಗೆ ಥಿಯರಿ. ಓಪಿಡಿ, ವಾರ್ಡ್, ಮಕ್ಕಳ ವಿಭಾಗ, ವ್ಯಸನ ಬಿಡಿಸೋ ವಿಭಾಗ, ಹೀಗೆ ಪೋಸ್ಟಿಂಗ್ಸ್. ಸಿಲಬಸ್ ಇಷ್ಟೇ, ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೋಬಹುದು.

ಡೌನ್‌ಲೋಡ್ ಆಗದೇ ಇರೋದು ಒಂದಿದೆ, ಸೂಪರ್‌ವಿಷನ್.

ಮೊದಲ ತಿಂಗಳು. ಒಂದು ಹಿಸ್ಟರಿ ತಗೊಂಡು ಬಂದು ನೀಟಾಗಿ ಟೈಪ್ ಮಾಡಿ ಕೊಟ್ಟೆ. ಮುಖ್ಯ ತೊಂದರೆ ಅನ್ನೋ ಕಡೆ 'ಆಂಗ್ಸೈಟಿ, ಲೋ ಮೂಡ್' ಅಂತ ಬರೆದಿದ್ದೆ. ಮೇಡಂ ಕೆಂಪು ಪೆನ್ನಲ್ಲಿ ಅದನ್ನ ಹೊಡೆದು ಹಾಕಿ ಕೇಳಿದ್ರು, "ಅವರು ಈ ಪದ ಹೇಳಿದ್ರಾ?"

"ಇಲ್ಲ ಮೇಡಂ."

"ಮತ್ತೆ ಏನ್ ಹೇಳಿದ್ರು?"

ನನಗೆ ನೆನಪೇ ಆಗಲಿಲ್ಲ. ಮುಕ್ಕಾಲು ಗಂಟೆ ಎದುರಿಗೆ ಕೂತಿದ್ದೆ. ಕೇಳ್ತಾ ಕೇಳ್ತಾನೇ ತಲೆಯೊಳಗೆ ಇಂಗ್ಲಿಷಿಗೆ ತಿರುಗಿಸ್ಕೊಂಡು, ಅವರ ಮಾತನ್ನ ಅಲ್ಲೇ ಬಿಟ್ಟು ಬಂದಿದ್ದೆ. ರೋಗಿಯ ತೊಂದರೆಯನ್ನ ರೋಗಿಯ ಮಾತಲ್ಲೇ ಬರೀಬೇಕು ಅನ್ನೋದು ಕೇಸ್ ಹಿಸ್ಟರಿಯ ಮೊದಲ ಪಾಠ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಮಾರ್ಕ್ಸ್ ತಗೊಂಡಿದ್ದವಳು ನಾನೇ.

ಆಮೇಲೆ ನಾನು ಪದಗಳನ್ನ ಗಮನಿಸೋಕೆ ಶುರು ಮಾಡಿದೆ. ಇದು ಯಾರೊಬ್ಬರ ಕಥೆಯೂ ಅಲ್ಲ, ನಮ್ಮೆಲ್ಲರ ಮನೆಯಲ್ಲೂ ಇರೋ ಮಾತು. ಎದೆ ಭಾರ. ಜೀವಕ್ಕೆ ಸಮಾಧಾನ ಇಲ್ಲ. ಹೊಟ್ಟೆಯೊಳಗೆ ಸಂಕಟ. ಎದಿ ಡವಡವ ಅಂತೈತ್ರಿ. ಜೀವಾ ಬ್ಯಾಸರ ಆಗೇತ್ರಿ. ಇವೆಲ್ಲಾ ಒಂದೇ ಅಲ್ಲ. 'ಬೇಜಾರು' ಅಂದ್ರೆ ಒಬ್ಬರಿಗೆ ದುಃಖ, ಇನ್ನೊಬ್ಬರಿಗೆ ಬೋರು, ಮತ್ತೊಬ್ಬರಿಗೆ ಬದುಕೋದೇ ಬೇಡ ಅನ್ನೋದು. ಮೂರನೆಯದನ್ನ ಮೊದಲನೆಯದು ಅಂತ ತಿಳ್ಕೊಂಡು ಮನೆಗೆ ಕಳಿಸಿದ್ರೆ?

ಅದಕ್ಕೇ ಸೂಪರ್‌ವಿಷನ್. ಕಲಿಯೋಳು ತಪ್ಪು ಮಾಡೇ ಮಾಡ್ತಾಳೆ. ಆ ತಪ್ಪಿನ ಬೆಲೆಯನ್ನ ರೋಗಿ ಕೊಡಬಾರದು ಅಂತ ಇನ್ನೊಬ್ಬರು ನೋಡ್ತಾ ಇರ್ತಾರೆ. 1955ರಿಂದ ಇವತ್ತಿನವರೆಗೆ ಬದಲಾಗದೇ ಇರೋದು ಇದೇ.

ಭಾಗ 8/9: ಹೆಸರು ಯಾರದ್ದು?

ಈಗ ಕಾನೂನಿನ ಭಾಗ. ನಿದ್ದೆ ಮಾಡ್ಬೇಡಿ, ಇದು ನಿಮ್ಮ ಹೊಟ್ಟೆಪಾಡು.

1912ರಲ್ಲಿ ಇದ್ದದ್ದು ಲುನಸಿ ಕಾಯ್ದೆ. 1987ರಲ್ಲಿ ಅದರ ಜಾಗಕ್ಕೆ ಮೆಂಟಲ್ ಹೆಲ್ತ್ ಆಕ್ಟ್ ಬಂತು. ಸೈಕಿಯಾಟ್ರಿಸ್ಟ್ ಅಂದ್ರೆ ಯಾರು ಅಂತ ಅದು ಹೇಳಿತು, ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಅಂತ ಹೇಳಲಿಲ್ಲ. ನಮ್ಮ ವೃತ್ತಿಯನ್ನ ಕಾನೂನಿನೊಳಗೆ ತಂದಿದ್ದು ಬೇರೆ ಬಾಗಿಲು, 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ. ಅದೇ ಆರ್‌ಸಿಐ. ಮಾನ್ಯತೆ ಇರೋ ಕೋರ್ಸ್ ಮಾಡಿ ರಿಜಿಸ್ಟರ್‌ನಲ್ಲಿ ಹೆಸರು ಹಾಕಿಸಬೇಕು. ರಿಜಿಸ್ಟರ್ ಇಲ್ಲದೆ ಪ್ರಾಕ್ಟೀಸ್ ಮಾಡಿದ್ರೆ ಒಂದು ವರ್ಷದವರೆಗೆ ಜೈಲು, ಇಲ್ಲಾ 1,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ.

ಆಮೇಲೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಯಾರು ಅಂತ ಬಿಡಿಸಿ ಬರೀತು. ಆರ್‌ಸಿಐ ಮಾನ್ಯ ಮಾಡಿದ ಅರ್ಹತೆ ಇರಬೇಕು, ಇಲ್ಲಾ ಸೈಕಾಲಜಿಯಲ್ಲಿ ಸ್ನಾತಕೋತ್ತರ ಪದವಿ ಆದ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಇರಬೇಕು, ಅದರಲ್ಲಿ ಮೇಲ್ವಿಚಾರಣೆಯ ಕೆಳಗೆ ಕ್ಲಿನಿಕಲ್ ತರಬೇತಿ ಆಗಿರಬೇಕು. 'ಮೆಡಿಕಲ್ ಅಂಡ್ ಸೋಷಿಯಲ್ ಸೈಕಾಲಜಿ' ಅನ್ನೋ ಹಳೇ ಹೆಸರು ಆ ವ್ಯಾಖ್ಯೆಯೊಳಗೆ ಇನ್ನೂ ಇದೆ. ಲಕ್ಕಸಂದ್ರದ ಕಾರಿಡಾರ್‌ನಲ್ಲಿ ಶುರುವಾದ ಕೋರ್ಸಿನ ಆಕಾರವನ್ನೇ ಸಂಸತ್ತು ಕಾನೂನು ಮಾಡಿತು ಅನ್ನಬಹುದು.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಏಟು ಬಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂಫಿಲ್ ಅನ್ನೋ ಪದವಿಯನ್ನೇ ಕೈಬಿಡಿ ಅಂತು. ಎಲ್ಲಾ ವಿಷಯದ ಎಂಫಿಲ್‌ಗೂ ಅದು ಅನ್ವಯ. ಚರಿತ್ರೆಯಲ್ಲೋ ಅರ್ಥಶಾಸ್ತ್ರದಲ್ಲೋ ಎಂಫಿಲ್ ಅಂದ್ರೆ ಪಿಎಚ್‌ಡಿಗೆ ಮೊದಲಿನ ಸಂಶೋಧನೆಯ ಮೆಟ್ಟಿಲು. ನಮಗೆ ಅದು ವೃತ್ತಿ ಮಾಡೋಕೆ ಲೈಸೆನ್ಸ್! 1978ರಲ್ಲಿ ಡಿಪ್ಲೊಮಾ ಅನ್ನೋದಕ್ಕಿಂತ ದೊಡ್ಡದಾಗಿ ಕಾಣೋ ಹೆಸರು ಸಿಕ್ಕಿತ್ತು, ಆ ಹೆಸರೇ ಈಗ ಕುತ್ತಿಗೆಗೆ ಬಂತು. 2024ರ ಜನವರಿಯಲ್ಲಿ ಯುಜಿಸಿ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎಂಫಿಲ್‌ಗಳಿಗೆ 2025-26ರ ಸಾಲಿನವರೆಗೆ ವಿನಾಯಿತಿ ಕೊಟ್ಟಿತು. ಮುಂದಿನ ದಾರಿ ಅಂತ ಆರ್‌ಸಿಐ ಎಂಎ ಕ್ಲಿನಿಕಲ್ ಸೈಕಾಲಜಿ, ಡಾಕ್ಟರ್ ಆಫ್ ಸೈಕಾಲಜಿ ಥರದ ಕೋರ್ಸುಗಳನ್ನ ತಂದಿದೆ.

ಜೂನಿಯರ್, ನಿನ್ನ ಉತ್ತರ ಇಲ್ಲಿದೆ. ಹೆಸರು ಹೋಗೋದು ಹೊಸದಲ್ಲ. ಡಿಎಂಪಿ ಹೋಯ್ತು, ಸೋಷಿಯಲ್ ಹೋಯ್ತು, ಎಂಫಿಲ್ ಸರದಿ ಬಂತು. ಅರ್ಜಿ ಹಾಕುವಾಗ ಕೋರ್ಸಿನ ಹೆಸರಿಗೆ ಹೆದರಬೇಡ. ಇಷ್ಟು ಕೇಳು: ಆರ್‌ಸಿಐ ಮಾನ್ಯತೆ ಈ ವರ್ಷಕ್ಕೆ ಇದೆಯಾ? ಸ್ವಂತ ಆಸ್ಪತ್ರೆ ಇದೆಯಾ, ಇಲ್ಲಾ ಕಾಗದದ ಮೇಲಿನ ಒಪ್ಪಂದ ಮಾತ್ರವಾ? ಒಬ್ಬ ಸೂಪರ್‌ವೈಸರ್ ಕೈಕೆಳಗೆ ಎಷ್ಟು ಜನ? ಕೆಲವು ಕಡೆ ಸ್ಟೈಪೆಂಡ್ ಕೊಡ್ತಾರೆ, ಕೆಲವು ಕಡೆ ಲಕ್ಷಗಟ್ಟಲೆ ಫೀಸು ತಗೋತಾರೆ. ಫೀಸು ಎಷ್ಟೇ ಇರಲಿ, ಕೆಂಪು ಪೆನ್ನು ಹಿಡಿಯೋರು ಇಲ್ಲದ ಕಡೆ ಹೋಗಬೇಡ.

ಭಾಗ 9/9: ದೊಡ್ಡಮ್ಮನಿಗೆ ಉತ್ತರ

ಕೊನೇ ಫೋಟೋ ಅಕ್ಕನ ಮದುವೆಯ ಅಡುಗೆ ಮನೆ. ದೊಡ್ಡ ಕೊಪ್ಪರಿಗೆ, ಪಕ್ಕದಲ್ಲಿ ಸೌಟು ಹಿಡಿದ ಭಟ್ಟರು. ಕೇಳ್ಕೊಂಡೇ ತೆಗೆದಿದ್ದು.

ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ಮನೆ ಮನೆಗೆ ಹೋಗಿ ಲೆಕ್ಕ ಹಾಕಿತ್ತು. ವಯಸ್ಕರಲ್ಲಿ 10.6 ಶೇಕಡಾ ಜನಕ್ಕೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಚಿಕಿತ್ಸೆ ಸಿಗದೇ ಇರೋರ ಪಾಲು ಬೇರೆ ಬೇರೆ ಕಾಯಿಲೆಗೆ 70ರಿಂದ 92 ಶೇಕಡಾ. ಭೋರ್ ಸಮಿತಿ ಲೆಕ್ಕ ಹಾಕಿ 70 ವರ್ಷ ಆದ ಮೇಲಿನ ಲೆಕ್ಕ ಇದು.

ಹಾಗಾದ್ರೆ ಎರಡು ವರ್ಷ ಯಾಕೆ, ಬೇಗ ಬೇಗ ಜನರನ್ನ ತಯಾರು ಮಾಡಿ ಕಳಿಸಬಾರದಾ ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲಾ ಕೆಲಸಕ್ಕೂ ಕ್ಲಿನಿಕಲ್ ಸೈಕಾಲಜಿಸ್ಟೇ ಬೇಕಾಗಿಲ್ಲ ಅಂತ ನಮ್ಮ ಬಳ್ಳಾರಿ ಜಿಲ್ಲೆಯೇ ತೋರಿಸಿದೆ. 1980ರ ದಶಕದಲ್ಲಿ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನ ಜನರ ಊರ ಹತ್ತಿರಕ್ಕೇ ಒಯ್ದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆ ಬಳ್ಳಾರಿ. ಆದ್ರೆ ಅಲ್ಲೂ ಗುಟ್ಟು ಒಂದೇ. ಕಡಿಮೆ ಕಲಿತವರ ಹಿಂದೆ ಹೆಚ್ಚು ಕಲಿತವರು ನಿಂತಿದ್ರು, ತೊಡಕಾದಾಗ ಕೇಳೋಕೆ ಜನ ಇದ್ರು. ವೀಕೆಂಡ್ ಸರ್ಟಿಫಿಕೇಟ್ ತಗೊಂಡು ಮಾರನೇ ದಿನ ಬಯೋದಲ್ಲಿ 'ಥೆರಪಿಸ್ಟ್' ಅಂತ ಹಾಕ್ಕೊಳ್ಳೋರ ಹಿಂದೆ ಯಾರಿದ್ದಾರೆ? ಅವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಅವರು ತಪ್ಪಿದಾಗ ನೋಡೋರು ಇಲ್ಲ, ಅಷ್ಟೇ.

ಮದುವೆ ಮುಗಿದ ಮಾರನೇ ದಿನ ದೊಡ್ಡಮ್ಮನ ಹತ್ತಿರ ಮತ್ತೆ ಕೂತೆ. "ದೊಡ್ಡಮ್ಮ, ನಿನ್ನೆ ಸಾವಿರ ಎಲೆ ಬಿತ್ತಲ್ಲ, ಆ ಭಟ್ಟರು ಅಡುಗೆ ಎಲ್ಲಿ ಕಲಿತ್ರು?"

"ಇನ್ನೆಲ್ಲಿ, ಅವರಪ್ಪನ ಕೈಕೆಳಗೆ. ಹತ್ತು ವರ್ಷ ಬರೀ ಹೆಚ್ಚಿ, ಕಲಸಿ, ಬೈಸ್ಕೊಂಡು."

"ಅಡುಗೆ ಪುಸ್ತಕ ಓದಿದೋರನ್ನ ಕರೆದಿದ್ರೆ?"

"ಹುಚ್ಚಾ ನಿಂಗೆ? ಸಾವಿರ ಜನದ ಹೊಟ್ಟೆ ಪ್ರಶ್ನೆ."

"ನಾನೂ ಅದನ್ನೇ ಮಾಡ್ತಾ ಇದೀನಿ. ಪುಸ್ತಕ ಓದಿ ಆಯ್ತು, ಈಗ ಕೈಕೆಳಗೆ ಇದೀನಿ. ಇದು ಮನಸ್ಸಿನ ಪ್ರಶ್ನೆ."

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಸೆರಗು ಸರಿ ಮಾಡ್ಕೊಂಡು, ಸಣ್ಣ ದನಿಯಲ್ಲಿ, "ನಂಗೂ ರಾತ್ರಿ ಎದೆ ಒಂಥರಾ ಆಗುತ್ತೆ ಕಣೇ, ನಿಮ್ಮ ದೊಡ್ಡಪ್ಪ ಹೋದಾಗಿಂದ," ಅಂದ್ರು.

ನಾನು 'ಆಂಗ್ಸೈಟಿ' ಅನ್ಲಿಲ್ಲ. ಮನೆಯವರಿಗೆ ನಾವೇ ಥೆರಪಿ ಮಾಡಬಾರದು ಅನ್ನೋದೂ ಕಲಿತಿದ್ದೇ. "ಒಂಥರಾ ಅಂದ್ರೆ ಹೆಂಗೆ ದೊಡ್ಡಮ್ಮ?" ಅಂತ ಕೇಳಿ, ಅವರು ಹೇಳಿ ಮುಗಿಸೋವರೆಗೆ ಕೂತಿದ್ದೆ. ಆಮೇಲೆ ಯಾರನ್ನ ನೋಡಬಹುದು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಹೋಗಿ ಬಂದ್ರಾ ಅನ್ನೋದು ಅವರ ವಿಷಯ, ಇಲ್ಲಿ ಬರೆಯಲ್ಲ. ಇಷ್ಟು ಬರೆದಿದ್ದನ್ನೂ ಅವರಿಗೆ ಓದಿ ಹೇಳಿ, "ಹಾಕು" ಅನ್ನಿಸ್ಕೊಂಡೇ ಹಾಕಿದ್ದು.

ನಿಮಗೋ, ನಿಮ್ಮ ರೂಮ್‌ಮೇಟ್‌ಗೋ ಈ ರಾತ್ರಿ ಭಾರ ಅನ್ನಿಸ್ತಿದ್ರೆ ಟೆಲಿ ಮಾನಸ್ ಇದೆ: 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 'ಒಂಥರಾ ಆಗ್ತಿದೆ' ಅಂತ ಶುರು ಮಾಡಿದ್ರೂ ಸಾಕು.

ಸರಣಿ ಮುಗೀತು. ನಿಮ್ಮ ಮನೆಯಲ್ಲಿ ಮನಸ್ಸಿನ ನೋವಿಗೆ ಏನಂತಾರೆ? ನಿಮ್ಮೂರಿನ ಒಂದು ಪದ ಕೆಳಗೆ ಬರೀರಿ. ನನಗೆ ಕೆಲಸಕ್ಕೆ ಬೇಕು.

#ಕನ್ನಡದಲ್ಲಿಸೈಕಾಲಜಿ #ಎರಡುವರ್ಷದಕೋರ್ಸು #ಮನಸ್ಸಿನಮಾತು